ಬೊಟ್ಟಿಡದೆ ಗುರುತು ಹಿಡಿಯುವ ಯಂತ್ರ: ಕಣಜದ ಗೂಡಿನ ಮುಂದೆ ಡೀಪ್‌ಲ್ಯಾಬ್‌ಕಟ್

ನಮ್ಮ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದ ಹಿಂದಿನ ವರಾಂಡದಲ್ಲಿ, ಹೆಂಚಿನ ಮಾಡಿನ ಪಕಾಸಿಯ ಅಡಿಯಲ್ಲಿ, ಹೆಚ್ಚುಕಡಿಮೆ ಪ್ರತಿ ವರ್ಷವೂ ಕಣಜದ ಹುಳುಗಳು ಗೂಡು ಕಟ್ಟುತ್ತವೆ. ಅಂಗೈಯಗಲದ, ಬೂದು ಬಣ್ಣದ, ಕಾಗದದಷ್ಟು ಹಗುರಾದ ಗೂಡು ಅದು; ಹೊರಗೆ ಹೊದಿಕೆ ಎಂಬುದೇ ಇಲ್ಲದ್ದರಿಂದ ಅದರ ಸಂಸಾರವೆಲ್ಲ ಬಯಲಿಗೇ ಕಾಣುತ್ತದೆ. ರೊಪಾಲಿಡಿಯಾ ಮಾರ್ಜಿನೇಟಾ ಎಂಬ ಈ ಜಾತಿಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ರಾಘವೇಂದ್ರ ಗದಗ್‌ಕರ್ ಮತ್ತು ಅವರ ವಿದ್ಯಾರ್ಥಿಗಳು ದಶಕಗಳ ಕಾಲ ನೋಡುತ್ತ ಬಂದಿದ್ದಾರೆ. ಅವರ ಸಲಕರಣೆಗಳು ತೀರ ಸರಳವಾಗಿದ್ದವು: ಪ್ರತಿ ಹುಳುವಿನ ಮೈಮೇಲೆ ಬೇಗ ಒಣಗುವ ಎನಾಮಲ್ ಬಣ್ಣದ ಸಣ್ಣ ಬೊಟ್ಟುಗಳು, ಒಂದು ಗಡಿಯಾರ, ಒಂದು ನೋಟ್‌ಪುಸ್ತಕ, ಮತ್ತು ಗೂಡಿನ ಮುಂದೆ ಗಂಟೆಗಟ್ಟಲೆ ಕುಳಿತುಕೊಳ್ಳುವ ತಾಳ್ಮೆ. ಈಗ ಅದೇ ಕೆಲಸವನ್ನು ಕ್ಯಾಮೆರಾ ಮತ್ತು ಕಂಪ್ಯೂಟರಿಗೆ ಒಪ್ಪಿಸಬಹುದು, ಬೊಟ್ಟಿಡುವ ಅಗತ್ಯವೂ ಇಲ್ಲ ಎಂಬ ಭರವಸೆಯೊಂದಿಗೆ ಹಲವು ತಂತ್ರಾಂಶಗಳು ಬಂದಿವೆ. ಅವುಗಳಲ್ಲಿ ಅತಿ ಹೆಚ್ಚು ಹೆಸರು ಮಾಡಿರುವವುಗಳಲ್ಲಿ ಒಂದಾದ ಡೀಪ್‌ಲ್ಯಾಬ್‌ಕಟ್ ಅನ್ನು ಎರಡು ಹಂಗಾಮು ನಮ್ಮ ವರಾಂಡದ ಗೂಡಿನ ಮುಂದೆ ಬಳಸಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಪದವಿ ತರಗತಿಗೆ ಪ್ರಾಣಿವರ್ತನೆ ಕಲಿಸುವ, ದೊಡ್ಡ ಪ್ರಯೋಗಾಲಯವಿಲ್ಲದ ಅಧ್ಯಾಪಕಿಯ ನೋಟ ಇದು ಎಂಬುದನ್ನು ಓದುಗರು ಮೊದಲೇ ನೆನಪಿನಲ್ಲಿಟ್ಟುಕೊಳ್ಳಬೇಕು.

ಚಿತ್ರೀಕರಿಸಿದ ದೃಶ್ಯದ ಪ್ರತಿ ಫ್ರೇಮಿನಲ್ಲೂ ಪ್ರಾಣಿಯ ಅಂಗಗಳು ಎಲ್ಲಿವೆ ಎಂದು ಗುರುತಿಸಿ ಹೇಳುವ ಡೀಪ್‌ಲ್ಯಾಬ್‌ಕಟ್ 2018ರಲ್ಲಿ ನೇಚರ್ ನ್ಯೂರೋಸೈನ್ಸ್ ಪತ್ರಿಕೆಯಲ್ಲಿ ಬೆಳಕಿಗೆ ಬಂತು. ಅಲೆಕ್ಸಾಂಡರ್ ಮ್ಯಾಥಿಸ್, ಮೆಕೆಂಝಿ ಮ್ಯಾಥಿಸ್, ಮಥಿಯಾಸ್ ಬೆತ್ಗೆ ಮತ್ತು ಸಂಗಡಿಗರು ಕಂಡುಕೊಂಡ ಉಪಾಯವನ್ನು ಸರಳವಾಗಿ ಹೀಗೆ ಹೇಳಬಹುದು. ಚಿತ್ರದಲ್ಲಿ ಮನುಷ್ಯನ ಮೊಣಕೈ, ಮೊಣಕಾಲು, ಭುಜಗಳನ್ನು ಗುರುತಿಸಲೆಂದು ಮೊದಲೇ ರೂಪಿಸಿದ್ದ ಒಂದು ನ್ಯೂರಲ್ ನೆಟ್‌ವರ್ಕ್, ಅಂದರೆ ಉದಾಹರಣೆಗಳಿಂದ ಕಲಿಯುವ ಲೆಕ್ಕಗಳ ಬಲೆ, ಇತ್ತು; ಅದು ಲಕ್ಷಾಂತರ ಸಾಮಾನ್ಯ ಚಿತ್ರಗಳನ್ನು ನೋಡಿ ಅಂಚು, ಬಣ್ಣ, ಆಕಾರಗಳನ್ನು ಬೇರ್ಪಡಿಸಿ ನೋಡುವುದನ್ನು ಆಗಲೇ ಕಲಿತಿತ್ತು. ಹೀಗೆ ನೋಡಲು ಕಲಿತ ಕಣ್ಣಿಗೆ ಇಲಿಯ ಮೂತಿಯನ್ನೋ ನೊಣದ ಕಾಲನ್ನೋ ಹೊಸದಾಗಿ ಪರಿಚಯಿಸಲು ಲಕ್ಷ ಚಿತ್ರಗಳು ಬೇಕಿಲ್ಲ, ಸುಮಾರು 200 ಚಿತ್ರಗಳಲ್ಲಿ ಮನುಷ್ಯರು ಕೈಯಾರೆ ಚುಕ್ಕೆ ಇಟ್ಟುಕೊಟ್ಟರೆ ಸಾಕು ಎಂದು ಅವರು ತೋರಿಸಿದರು. ವಾಸನೆಯ ಜಾಡು ಹಿಡಿದು ಓಡುವ ಇಲಿ, ಮುಂಗಾಲು ಚಾಚಿ ಹಿಡಿಯುವ ಇಲಿ, ಮೊಟ್ಟೆಯಿಡುವ ಹಣ್ಣಿನ ನೊಣ, ಈ ಮೂರೂ ಆ ಮೊದಲ ಪ್ರಬಂಧದಲ್ಲಿವೆ. ಅದಕ್ಕೂ ಹಿಂದೆ ಪ್ರಾಣಿಯ ಕೀಲುಗಳ ಚಲನೆಯನ್ನು ಅಳೆಯಬೇಕೆಂದರೆ ಮೈಮೇಲೆ ಹೊಳೆಯುವ ಗುಂಡಿಗಳನ್ನು ಅಂಟಿಸುತ್ತಿದ್ದರು. ಆದ್ದರಿಂದಲೇ ‘ಗುರುತುರಹಿತ’ ಎಂಬ ಮಾತು ಈ ತಂತ್ರಾಂಶದ ಬೆನ್ನಿಗೆ ಬಿರುದಿನಂತೆ ಅಂಟಿಕೊಂಡಿದೆ. ಆ ಬಿರುದು ಎಲ್ಲಿಯವರೆಗೆ ಸಲ್ಲುತ್ತದೆ, ಎಲ್ಲಿಂದಾಚೆಗೆ ಸಲ್ಲುವುದಿಲ್ಲ ಎಂಬುದೇ ನನ್ನ ಮುಖ್ಯ ಪ್ರಶ್ನೆ.

ಬೆಲೆಯ ಮಾತು ಬೇಗ ಮುಗಿಯುತ್ತದೆ. ತಂತ್ರಾಂಶವು ಮುಕ್ತ ಪರವಾನಗಿಯಲ್ಲಿ ಉಚಿತವಾಗಿ ದೊರೆಯುತ್ತದೆ. ಪೈಥಾನ್ ಭಾಷೆಯಲ್ಲಿ ಬರೆಯಲಾಗಿದೆ. ಮೂರನೆಯ ಆವೃತ್ತಿಯಿಂದ ಅದರ ಒಳಗಿನ ಕಲಿಕೆಯ ಯಂತ್ರವು ಟೆನ್ಸರ್‌ಫ್ಲೋ ಬಿಟ್ಟು ಪೈಟಾರ್ಚ್ ಕಡೆಗೆ ಹೊರಳಿದೆ. ಆಜ್ಞೆಗಳನ್ನು ಟೈಪಿಸಲು ಹೆದರುವವರಿಗಾಗಿ ಗುಂಡಿ ಒತ್ತುವ ಪರದೆಯೂ ಇದೆ, ಆದರೆ ಅನುಸ್ಥಾಪನೆಯ ದಿನ ಮಾತ್ರ ಕಂಪ್ಯೂಟರ್ ವಿಭಾಗದ ಗೆಳೆಯರೊಬ್ಬರು ಪಕ್ಕದಲ್ಲಿರುವುದು ಒಳ್ಳೆಯದು. ನಿಜವಾದ ಖರ್ಚು ಗ್ರಾಫಿಕ್ಸ್ ಕಾರ್ಡಿನದು. ಅದಿಲ್ಲದ ಸಾಮಾನ್ಯ ಕಂಪ್ಯೂಟರಿನಲ್ಲಿ ತರಬೇತಿ ನಡೆಯುವುದೇ ಇಲ್ಲವೆಂದಲ್ಲ. ರಾತ್ರಿ ಹಚ್ಚಿಟ್ಟು ಬೆಳಿಗ್ಗೆ ಬಂದರೂ ಮುಗಿದಿರುವುದಿಲ್ಲ, ಅಷ್ಟೇ. ನಾವು ಗಂಟೆಗಳ ಮಿತಿಯಲ್ಲಿ ಕಾರ್ಡನ್ನು ಎರವಲು ಕೊಡುವ ಉಚಿತ ಅಂತರ್ಜಾಲ ಸೇವೆಯೊಂದನ್ನು ನೆಚ್ಚಿಕೊಂಡೆವು. ಅದಕ್ಕೆ ಬೇಕಾದ ಸಿದ್ಧ ಪುಟಗಳನ್ನು ತಂತ್ರಾಂಶದವರೇ ಕೊಟ್ಟಿರುವುದು ನಮ್ಮಂತಹ ಬಡ ವಿಭಾಗಗಳಿಗೆ ದೊಡ್ಡ ಉಪಕಾರ.

ಕೆಲಸದ ಹೃದಯಭಾಗ ಇರುವುದು ಚುಕ್ಕೆ ಇಡುವುದರಲ್ಲಿ. ಚಿತ್ರೀಕರಿಸಿದ ದೃಶ್ಯಗಳಿಂದ ತಂತ್ರಾಂಶವು ಒಂದಕ್ಕೊಂದು ಸಾಧ್ಯವಾದಷ್ಟು ಭಿನ್ನವಾಗಿರುವ ಫ್ರೇಮುಗಳನ್ನು ಆರಿಸಿ ಮುಂದಿಡುತ್ತದೆ. ನಾವು ಒಂದೊಂದರಲ್ಲೂ ಪ್ರತಿ ಹುಳುವಿನ ನಿರ್ದಿಷ್ಟ ಅಂಗಗಳ ಮೇಲೆ ಮೌಸಿನಿಂದ ಚುಕ್ಕೆ ಇಡಬೇಕು. ನಾವು ಮೊದಲು ಆರು ಅಂಗಗಳನ್ನು ಆರಿಸಿಕೊಂಡೆವು: ತಲೆ, ಎದೆ, ಸೊಂಟ, ಹೊಟ್ಟೆಯ ತುದಿ ಮತ್ತು ಎರಡು ಕುಡಿಮೀಸೆಗಳ ತುದಿಗಳು. ಎರಡೇ ದಿನಗಳಲ್ಲಿ ಒಬ್ಬ ವಿದ್ಯಾರ್ಥಿನಿ ಬಂದು, “ಮೇಡಂ, ಸೊಂಟ ಅಂದರೆ ಎದೆ ಮುಗಿಯುವ ಜಾಗವೋ, ಹೊಟ್ಟೆ ಶುರುವಾಗುವ ಜಾಗವೋ?” ಎಂದು ಕೇಳಿದಳು. ಅಷ್ಟರಲ್ಲಿ ಮೂವರು ವಿದ್ಯಾರ್ಥಿಗಳು ಮೂರು ಬಗೆಯ ಸೊಂಟಗಳಿಗೆ ಚುಕ್ಕೆ ಇಟ್ಟಾಗಿತ್ತು. ತಂತ್ರಾಂಶವು ಈ ಮೂರರ ಸರಾಸರಿಯನ್ನೇ ನಿಷ್ಠೆಯಿಂದ ಕಲಿಯುತ್ತದೆ, ಅದಕ್ಕೆ ಅಂಗರಚನೆ ತಿಳಿಯದು. ನಾವು ಹೇಳಿದ್ದನ್ನು ನಾವು ಹೇಳಿದ ಅಸ್ಪಷ್ಟತೆಯೊಡನೆ ಒಪ್ಪಿಸುವುದಷ್ಟೇ ತಿಳಿದಿದೆ. ಗೋಡೆಯ ಮೇಲೆ ಹುಳುವಿನ ದೊಡ್ಡ ಚಿತ್ರವೊಂದನ್ನು ಅಂಟಿಸಿ, ಅಂಗಗಳ ಗಡಿಯನ್ನು ಕೆಂಪು ಶಾಯಿಯಿಂದ ಬರೆದು, ಕೆಲಸವನ್ನು ಮೊದಲಿನಿಂದ ಆರಂಭಿಸಿದೆವು. ಈ ತಪ್ಪು ಪೂರ್ತಿಯಾಗಿ ನನ್ನದು, ಆದರೂ ಇದರಿಂದ ಒಂದು ಲಾಭವಾಯಿತೆಂದು ಹೇಳಲೇಬೇಕು: ಮೂರು ವರ್ಷ ಪಾಠ ಮಾಡಿದರೂ ಕೀಟದ ದೇಹವಿಭಾಗಗಳನ್ನು ಇಷ್ಟು ಖಚಿತವಾಗಿ ನನ್ನ ವಿದ್ಯಾರ್ಥಿಗಳು ಹಿಂದೆಂದೂ ನೋಡಿರಲಿಲ್ಲ.

ಕುಡಿಮೀಸೆಗಳನ್ನು ಕೊನೆಗೆ ಬಿಟ್ಟುಬಿಟ್ಟೆವು. ಅವು ಕೂದಲೆಳೆಯಷ್ಟು ತೆಳು, ಸದಾ ಅಲುಗುತ್ತಿರುತ್ತವೆ, ಮತ್ತು ನಮ್ಮ ಕ್ಯಾಮೆರಾದಲ್ಲಿ ಮಸುಕಾಗುತ್ತವೆ. ಮನುಷ್ಯರಿಗೇ ಕಾಣದ ತುದಿಯನ್ನು ಯಂತ್ರ ಕಾಣಲಿ ಎಂದು ಬಯಸುವುದು ನ್ಯಾಯವಲ್ಲ. ಇದೇ ಮಾತು ಬೆಳಕಿಗೂ ಅನ್ವಯಿಸುತ್ತದೆ. ನಮ್ಮ ದೇಶದ ವಿದ್ಯುತ್ತು 50 ಹರ್ಟ್ಸಿನದು; ಹಳೆಯ ಟ್ಯೂಬ್‌ಲೈಟು ಸೆಕೆಂಡಿಗೆ 100 ಬಾರಿ ಮಿನುಗುತ್ತದೆ. ಕ್ಯಾಮೆರಾವನ್ನು ಸೆಕೆಂಡಿಗೆ 30 ಫ್ರೇಮುಗಳ ಲೆಕ್ಕದಲ್ಲಿ ಇಟ್ಟು ಷಟರನ್ನು ಅದರ ಪಾಡಿಗೆ ಬಿಟ್ಟರೆ ಚಿತ್ರದ ಮೇಲೆ ಕಪ್ಪು ಪಟ್ಟಿಗಳು ತೇಲುತ್ತವೆ, ಮತ್ತು ಆ ಪಟ್ಟಿಗಳಡಿಯಲ್ಲಿ ಚುಕ್ಕೆಗಳು ಜಾರುತ್ತವೆ. 25 ಫ್ರೇಮು, ಷಟರ್ ಸೆಕೆಂಡಿನ 100ರಲ್ಲಿ ಒಂದು ಭಾಗ ಎಂದು ಕೈಯಾರೆ ಹೊಂದಿಸಿದ ದಿನದಿಂದ ಈ ಕಾಟ ನಿಂತಿತು.

ತರಬೇತಿ ಮುಗಿದು ಮೊದಲ ದೃಶ್ಯವನ್ನು ಓಡಿಸಿದ ಸಂಜೆಯನ್ನು ಮರೆಯುವಂತಿಲ್ಲ. ಗೂಡು ಕಟ್ಟಲು ಆಗಷ್ಟೇ ಆರಂಭಿಸಿದ್ದ ಒಂಟಿ ಹೆಣ್ಣು ಹುಳು ಅದು. ಅದು ಎಲ್ಲಿ ನಡೆದರೂ, ತಿರುಗಿದರೂ, ಗೂಡಿನ ಕೋಣೆಯೊಳಗೆ ತಲೆ ತೂರಿಸಿದರೂ ನಾಲ್ಕು ಬಣ್ಣದ ಚುಕ್ಕೆಗಳು ಅದರ ಮೈಗೆ ಅಂಟಿಕೊಂಡೇ ಸಾಗಿದವು. ಪ್ರತಿ ಚುಕ್ಕೆಗೂ ತಂತ್ರಾಂಶವು ಮೂರು ಸಂಖ್ಯೆಗಳನ್ನು ಕೊಡುತ್ತದೆ: ಅಡ್ಡಸ್ಥಾನ, ಉದ್ದಸ್ಥಾನ ಮತ್ತು ತನ್ನ ಊಹೆಯ ಬಗ್ಗೆ ತನಗಿರುವ ವಿಶ್ವಾಸ. ಈ ಮೂರನೆಯ ಸಂಖ್ಯೆಯೇ ನನಗೆ ಅತ್ಯಂತ ಮೆಚ್ಚಿಗೆಯಾದದ್ದು. ತಲೆ ಕೋಣೆಯೊಳಗೆ ಮರೆಯಾದಾಗ ಆ ಚುಕ್ಕೆಯ ವಿಶ್ವಾಸ ಸರ್ರನೆ ಇಳಿಯುತ್ತದೆ, ಹೊರಬಂದಾಗ ಏರುತ್ತದೆ. ಆ ಇಳಿತವನ್ನೇ ಹಿಡಿದು ಹುಳುವು ಎಷ್ಟು ಬಾರಿ ಕೋಣೆಗಳನ್ನು ಪರೀಕ್ಷಿಸಿತು ಎಂದು ಎಣಿಸಬಹುದೆಂದು ಒಬ್ಬ ಹುಡುಗ ಕಂಡುಕೊಂಡ. ಒಂಟಿ ಪ್ರಾಣಿಯ ಚಲನೆಯನ್ನು ಅಭ್ಯಸಿಸುವವರಿಗೆ, ಅದು ಇಲಿಯಾಗಲಿ, ಓತಿಕ್ಯಾತವಾಗಲಿ, ತೊಟ್ಟಿಯ ಮೀನಾಗಲಿ, ನನ್ನ ಶಿಫಾರಸು ನಿಸ್ಸಂಕೋಚವಾದದ್ದು. ಅಲ್ಲಿ ‘ಗುರುತುರಹಿತ’ ಎಂಬ ಬಿರುದು ಪೂರ್ತಿಯಾಗಿ ಸಲ್ಲುತ್ತದೆ.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಸೇರಿಸುತ್ತೇನೆ. ತರಬೇತಿಯ ಕೊನೆಯಲ್ಲಿ ತಂತ್ರಾಂಶವು ಪರೀಕ್ಷಾ ದೋಷವನ್ನು ಪಿಕ್ಸೆಲ್‌ಗಳ ಲೆಕ್ಕದಲ್ಲಿ ಹೇಳುತ್ತದೆ, ಮತ್ತು ಆ ಅಂಕಿ ಸಾಮಾನ್ಯವಾಗಿ ಬಹಳ ಚಿಕ್ಕದಾಗಿರುತ್ತದೆ. ಆದರೆ ಪರೀಕ್ಷೆಗೆ ತೆಗೆದಿಟ್ಟ ಫ್ರೇಮುಗಳು ತರಬೇತಿಯ ದೃಶ್ಯಗಳಿಂದಲೇ ಆರಿಸಿದವು. ಪಾಠ ಮಾಡಿದ ಪ್ರಶ್ನೆಯನ್ನೇ ಪರೀಕ್ಷೆಯಲ್ಲಿ ಕೇಳಿದ ಹಾಗೆ. ಬೇರೆ ದಿನ, ಬೇರೆ ಬೆಳಕು, ಬೇರೆ ಗೂಡು ಎಂದಾಗ ದೋಷ ಏರುತ್ತದೆ. ಇದನ್ನು ತಯಾರಕರು ಮುಚ್ಚಿಟ್ಟಿಲ್ಲ ಎಂಬುದು ಅವರಿಗೆ ಗೌರವ ತರುವ ಸಂಗತಿ: 30 ರೇಸ್ ಕುದುರೆಗಳ ದೃಶ್ಯಗಳಲ್ಲಿ ಕೆಲವು ಕುದುರೆಗಳನ್ನು ಮಾತ್ರ ಕಲಿಸಿ, ಕಂಡಿರದ ಕುದುರೆಗಳ ಮೇಲೆ ಪರೀಕ್ಷಿಸಿ, ವ್ಯತ್ಯಾಸ ಎಷ್ಟೆಂಬುದನ್ನು ಅವರೇ ಪ್ರಕಟಿಸಿದ್ದಾರೆ. ಆದ್ದರಿಂದ ಒಂದು ಗೂಡಿನ ಮಾದರಿಯನ್ನು ಇನ್ನೊಂದಕ್ಕೆ ಒಯ್ಯುವ ಮುನ್ನ ಹೊಸ ಗೂಡಿನ ಕೆಲವು ಫ್ರೇಮುಗಳಿಗಾದರೂ ಚುಕ್ಕೆ ಇಟ್ಟು ಮತ್ತೆ ಕಲಿಸಬೇಕು.

ಇನ್ನು ಗುಂಪಿನ ವಿಷಯ. 2022ರ ಏಪ್ರಿಲ್‌ನ ನೇಚರ್ ಮೆಥಡ್ಸ್ ಸಂಚಿಕೆಯಲ್ಲಿ ಎರಡು ತಂತ್ರಾಂಶಗಳು ಒಟ್ಟಿಗೇ ಹಲವು ಪ್ರಾಣಿಗಳ ಲೋಕಕ್ಕೆ ಕಾಲಿಟ್ಟವು: ಡೀಪ್‌ಲ್ಯಾಬ್‌ಕಟ್‌ನ ಬಹುಪ್ರಾಣಿ ರೂಪ ಮತ್ತು ಟಾಲ್ಮೋ ಪಿರೇರಾ ಹಾಗೂ ಸಂಗಡಿಗರ ಸ್ಲೀಪ್. ಗುಂಪಿನಲ್ಲಿ ಯಂತ್ರಕ್ಕೆ ಮೂರು ಕೆಲಸಗಳಿವೆ. ಮೊದಲು ಚಿತ್ರದಲ್ಲಿರುವ ಎಲ್ಲ ತಲೆಗಳನ್ನು, ಎಲ್ಲ ಎದೆಗಳನ್ನು, ಎಲ್ಲ ಹೊಟ್ಟೆಗಳನ್ನು ಹುಡುಕಬೇಕು. ಆಮೇಲೆ ಯಾವ ತಲೆ ಯಾವ ಎದೆಗೆ ಸೇರಿದ್ದು ಎಂದು ಜೋಡಿಸಿ ಒಂದೊಂದು ದೇಹವನ್ನು ಕಟ್ಟಬೇಕು. ಕೊನೆಗೆ ಈ ಫ್ರೇಮಿನ ದೇಹವೇ ಮುಂದಿನ ಫ್ರೇಮಿನ ಆ ದೇಹ ಎಂದು ಕಾಲದುದ್ದಕ್ಕೂ ದಾರ ಪೋಣಿಸಬೇಕು. ಮೊದಲನೆಯದನ್ನು ಡೀಪ್‌ಲ್ಯಾಬ್‌ಕಟ್ ಅದ್ಭುತವಾಗಿ ಮಾಡುತ್ತದೆ, ಎರಡನೆಯದನ್ನು ಚೆನ್ನಾಗಿ ಮಾಡುತ್ತದೆ. ಮೂರನೆಯದರಲ್ಲಿ, ಒಂದೇ ಅಚ್ಚಿನಲ್ಲಿ ಎರೆದಂತಿರುವ ಕಣಜದ ಹುಳುಗಳ ಮುಂದೆ, ಇದಾಗಲಿ ಇದರ ದಾಯಾದಿಗಳಾಗಲಿ ನಿಲ್ಲುವುದು ಕಷ್ಟ. ಉತ್ತರ ಅಮೆರಿಕದ ಪೊಲಿಸ್ಟಿಸ್ ಫಸ್ಕೇಟಸ್ ಎಂಬ ಕಣಜದಲ್ಲಿ ಒಂದೊಂದು ಹುಳುವಿನ ಮುಖವೂ ಬೇರೆ ಬೇರೆ ಬಣ್ಣದ ವಿನ್ಯಾಸ ಹೊಂದಿದ್ದು, ಅವು ಪರಸ್ಪರ ಮುಖ ನೋಡಿಯೇ ಗುರುತಿಸುತ್ತವೆ ಎಂದು 2002ರಲ್ಲಿ ಎಲಿಜಬೆತ್ ಟಿಬೆಟ್ಸ್ ತೋರಿಸಿದ್ದರು. ನಮ್ಮ ಮಾಡಿನ ಕಣಜಗಳು ಅಂತಹ ಸೌಕರ್ಯ ಕೊಡುವುದಿಲ್ಲ.

ಎರಡು ಹುಳುಗಳು ಒಂದರ ಮೇಲೊಂದು ಬಿದ್ದು ಬೇರ್ಪಟ್ಟಾಗ ದಾರಗಳು ಅದಲುಬದಲಾಗಬಹುದು. ಈ ತಪ್ಪನ್ನು ಉಳಿದ ತಪ್ಪುಗಳ ಸಾಲಿನಲ್ಲಿಟ್ಟು ನೋಡಬಾರದು. ತಲೆಯ ಚುಕ್ಕೆ ಒಂದು ಫ್ರೇಮಿನಲ್ಲಿ ಹತ್ತು ಪಿಕ್ಸೆಲ್ ಜಾರಿದರೆ ಮುಂದಿನ ಫ್ರೇಮಿನಲ್ಲಿ ಸರಿಹೋಗುತ್ತದೆ, ಸರಾಸರಿಯಲ್ಲಿ ಕರಗಿಯೂ ಹೋಗುತ್ತದೆ. ಗುರುತು ತಪ್ಪಿದರೆ ಹಾಗಲ್ಲ. ಆ ಗಳಿಗೆಯಿಂದ ಮುಂದಕ್ಕೆ ‘ಅ’ ಮಾಡಿದ್ದೆಲ್ಲ ‘ಆ’ ಖಾತೆಗೆ, ‘ಆ’ ಮಾಡಿದ್ದೆಲ್ಲ ‘ಅ’ ಖಾತೆಗೆ ಜಮೆಯಾಗುತ್ತ ಹೋಗುತ್ತದೆ. ಪ್ರಮಾಣದ ಅಂದಾಜಿಗಾಗಿ ಒಂದು ಲೆಕ್ಕ: 12 ಹುಳುಗಳು, ಹುಳುವಿಗೆ 4 ಚುಕ್ಕೆ, ಚುಕ್ಕೆಗೆ 3 ಸಂಖ್ಯೆ ಎಂದರೆ ಫ್ರೇಮಿಗೆ 144 ಸಂಖ್ಯೆಗಳು, ಸೆಕೆಂಡಿಗೆ 25 ಫ್ರೇಮಿನಂತೆ ಗಂಟೆಗೆ 90,000 ಫ್ರೇಮುಗಳು, ಒಟ್ಟು 1,29,60,000 ಸಂಖ್ಯೆಗಳು. ಹತ್ತನೆಯ ನಿಮಿಷದಲ್ಲಿ ಒಂದೇ ಒಂದು ಅದಲುಬದಲಾದರೂ, ಆ ಕೋಷ್ಟಕದಲ್ಲಿ ಎರಡು ಹುಳುಗಳ ಉಳಿದ ಐವತ್ತು ನಿಮಿಷದ ಚರಿತ್ರೆ ತಲೆಕೆಳಗಾಗಿರುತ್ತದೆ, ಮತ್ತು ಅಷ್ಟೂ ಸಂಖ್ಯೆಗಳ ಪಕ್ಕದಲ್ಲಿ ಯಂತ್ರದ ವಿಶ್ವಾಸ ಮಾತ್ರ ಮೇಲ್ಮಟ್ಟದಲ್ಲೇ ಇರುತ್ತದೆ, ಏಕೆಂದರೆ ತಲೆ ತಲೆಯೇ, ಎದೆ ಎದೆಯೇ. ಯಾರದೆಂಬುದನ್ನು ಆ ಸಂಖ್ಯೆ ಹೇಳುವುದೇ ಇಲ್ಲ.

ಇದಕ್ಕಿಂತ ಸೂಕ್ಷ್ಮವಾದ ತೊಡಕು ಇನ್ನೊಂದಿದೆ, ಮತ್ತು ಸಾಮಾಜಿಕ ವರ್ತನೆಯನ್ನು ಅಭ್ಯಸಿಸಲು ಹೊರಟವರು ಇದರ ಬಗ್ಗೆ ಯೋಚಿಸದೆ ಒಂದು ಹೆಜ್ಜೆಯನ್ನೂ ಇಡಬಾರದೆಂದು ನನ್ನ ಅಭಿಪ್ರಾಯ. ಗುರುತುಗಳು ಅದಲುಬದಲಾಗುವುದು ಎಲ್ಲೆಂದರಲ್ಲಿ ಅಲ್ಲ. ಎರಡು ಮೈಗಳು ತಾಗಿದಲ್ಲಿ. ಕುಕ್ಕುವುದು, ಕಚ್ಚುವುದು, ಅಟ್ಟಿಸಿಕೊಂಡು ಹೋಗಿ ಮೈಮೇಲೆ ಏರುವುದು, ಬಾಯಿಗೆ ಬಾಯಿಯಿಟ್ಟು ಆಹಾರ ಹಂಚಿಕೊಳ್ಳುವುದು, ಇವೆಲ್ಲ ನಾವು ನೋಡಬೇಕೆಂದು ಬಂದ ಗಳಿಗೆಗಳು, ಮತ್ತು ಯಂತ್ರದ ಕಣ್ಣು ಮಂಜಾಗುವುದೂ ಅದೇ ಗಳಿಗೆಗಳಲ್ಲಿ. ಜಗಳಗಂಟ ಹುಳುವಿನ ಗುರುತು ಸೋಮಾರಿ ಹುಳುವಿನ ಗುರುತಿಗಿಂತ ಹೆಚ್ಚು ಬಾರಿ ತಪ್ಪುತ್ತದೆ. ಆದ್ದರಿಂದ ದೋಷವು ಗುಂಪಿನ ಮೇಲೆ ಸಮನಾಗಿ ಹರಡದೆ, ನಾವು ಅಳೆಯುತ್ತಿರುವ ಗುಣದ ಬೆನ್ನು ಹತ್ತಿಯೇ ಬರುತ್ತದೆ. ಅಗ್ರಸ್ಥಾನದ ಹುಳುವಿನ ಆಕ್ರಮಣಗಳು ಕೆಳಗಿನವುಗಳ ಖಾತೆಗೆ ಸೋರಿ, ಗೂಡಿನ ಶ್ರೇಣಿ ಇರುವುದಕ್ಕಿಂತ ಸಪಾಟಾಗಿ ಕಾಣುತ್ತದೆ.

ಈ ಜಾತಿಯಲ್ಲಿ ಅದರ ಪರಿಣಾಮ ಎಂತಹುದೆಂದು ಬಲ್ಲವರಿಗೆ ಹೇಳಬೇಕಿಲ್ಲ. ರೊಪಾಲಿಡಿಯಾ ಮಾರ್ಜಿನೇಟಾದ ರಾಣಿ ತೀರ ಸಾಧು. ಯಾರ ಮೇಲೂ ಏರಿಹೋಗುವುದಿಲ್ಲ. ಅವಳನ್ನು ಗೂಡಿನಿಂದ ತೆಗೆದ ಕೆಲವೇ ನಿಮಿಷಗಳಲ್ಲಿ ಕೆಲಸಗಾರ್ತಿಯರಲ್ಲೊಬ್ಬಳು ಇದ್ದಕ್ಕಿದ್ದಂತೆ ಉಗ್ರಳಾಗುತ್ತಾಳೆ, ಅವಳೇ ಮುಂದಿನ ರಾಣಿ. ರಾಣಿಯನ್ನು ಹಿಂದಿರುಗಿಸಿದರೆ ಆ ಉಗ್ರತೆ ಇಳಿದುಹೋಗುತ್ತದೆ. ಯಾರು ಉಗ್ರಳಾದಳು ಎಂಬ ಒಂದೇ ಪ್ರಶ್ನೆಯ ಮೇಲೆ ನಿಂತ ಇಂತಹ ಪ್ರಯೋಗದಲ್ಲಿ ಮೊದಲ ಜಗಳದಲ್ಲೇ ಗುರುತು ಅದಲುಬದಲಾದರೆ ಉಳಿಯುವುದೇನು?

ಆದ್ದರಿಂದ ಎರಡನೆಯ ಹಂಗಾಮಿನಲ್ಲಿ ನಾವು ಹಳೆಯ ದಾರಿಗೆ ಮರಳಿದೆವು. ಮುಂಜಾನೆಯ ತಂಪಿನಲ್ಲಿ, ಹುಳುಗಳು ಚುರುಕಾಗುವ ಮೊದಲು, ಸಣ್ಣ ಕಡ್ಡಿಯ ತುದಿಯಿಂದ ಎದೆ ಮತ್ತು ಹೊಟ್ಟೆಯ ಮೇಲೆ ಎನಾಮಲ್ ಬಣ್ಣದ ಬೊಟ್ಟಿಟ್ಟೆವು. (ಒಂದು ಕಡಿತ ನನ್ನ ಹೆಬ್ಬೆರಳಿಗೆ ಬಿತ್ತು, ಎರಡು ದಿನ ಚಾಕ್‌ಪೀಸ್ ಹಿಡಿಯಲಾಗಲಿಲ್ಲ.) ಮತ್ತು ಇಲ್ಲಿ ಡೀಪ್‌ಲ್ಯಾಬ್‌ಕಟ್‌ನ ಬಗ್ಗೆ ನನಗಿದ್ದ ಅಭಿಪ್ರಾಯ ಬದಲಾಯಿತೆಂದು ಒಪ್ಪಿಕೊಳ್ಳಬೇಕು. ಯೋಜನೆಯ ಸಂರಚನಾ ಕಡತದಲ್ಲಿ ‘ಐಡೆಂಟಿಟಿ’ ಎಂಬ ಒಂದು ಸಾಲಿದೆ. ಪ್ರಾಣಿಗಳನ್ನು ನೋಟದಿಂದಲೇ ಬೇರೆ ಬೇರೆಯಾಗಿ ಗುರುತಿಸಬಹುದಾದರೆ ಅದನ್ನು ‘ಟ್ರೂ’ ಎಂದು ಬದಲಿಸಿ, ಚುಕ್ಕೆ ಇಡುವಾಗಲೇ ಕೆಂಪು ಬೊಟ್ಟಿನವಳು, ನೀಲಿ ಬೊಟ್ಟಿನವಳು ಎಂದು ಹೆಸರಿಸುತ್ತ ಹೋದರೆ, ಯಂತ್ರವು ಅಂಗಗಳ ಜೊತೆಗೆ ವ್ಯಕ್ತಿಯನ್ನೂ ಕಲಿಯುತ್ತದೆ. ಆಗ ಜಗಳದಲ್ಲಿ ದಾರ ಕಡಿದರೂ, ಇಬ್ಬರೂ ಬೇರ್ಪಟ್ಟ ಮೇಲೆ ಬೊಟ್ಟು ಕಂಡ ಕೂಡಲೇ ಸರಿಯಾದ ಖಾತೆಗೆ ಮತ್ತೆ ಪೋಣಿಸಲು ಆಧಾರವಿರುತ್ತದೆ. ಸ್ಲೀಪ್‌ನಲ್ಲಿಯೂ ಇದೇ ಬಗೆಯ ಗುರುತಿನ ಮಾದರಿಗಳಿವೆ. ಅಂದರೆ ತಯಾರಕರು ಬೊಟ್ಟನ್ನು ತಿರಸ್ಕರಿಸಿಲ್ಲ. ‘ಗುರುತುರಹಿತ’ ಎಂಬ ಬಿರುದನ್ನು ಅಕ್ಷರಶಃ ನಂಬಿ ಒಂದು ಹಂಗಾಮು ಕಳೆದವಳು ನಾನು. ಕೀಲುಗಳಿಗೆ ಗುರುತು ಬೇಡ ಎಂಬುದು ಆ ಮಾತಿನ ಅರ್ಥವೇ ಹೊರತು ವ್ಯಕ್ತಿಗೆ ಗುರುತು ಬೇಡ ಎಂದಲ್ಲ.

ಬೊಟ್ಟಿನ ಬದಲು ಬಾರ್‌ಕೋಡಿನಂತಹ ಚೀಟಿಯನ್ನು ಅಂಟಿಸುವ ಇನ್ನೊಂದು ಪರಂಪರೆಯೂ ಇದೆ. ಸ್ವಿಟ್ಜರ್‌ಲ್ಯಾಂಡಿನ ಲೊಸಾನ್‌ನಲ್ಲಿ ಡ್ಯಾನಿಯೆಲ್ ಮರ್ಶ್, ಅಲೆಸ್ಸಾಂಡ್ರೊ ಕ್ರೆಸ್ಪಿ ಮತ್ತು ಲಾರೆಂಟ್ ಕೆಲ್ಲರ್ ಆರು ಇರುವೆಗೂಡುಗಳ ಪ್ರತಿ ಕೆಲಸಗಾರ್ತಿಗೂ ಚೀಟಿ ಅಂಟಿಸಿ 41 ದಿನ ಹಿಂಬಾಲಿಸಿ, ಮರಿಗಳನ್ನು ಸಾಕುವವರು, ಗೂಡು ಗುಡಿಸುವವರು, ಹೊರಗೆ ಮೇವು ಅರಸುವವರು ಎಂಬ ಗುಂಪುಗಳನ್ನು 2013ರಲ್ಲಿ ತೋರಿಸಿದ್ದು ಈ ದಾರಿಯಿಂದಲೇ. ಅದರಲ್ಲಿ ಗುರುತು ತಪ್ಪುವ ಭಯವಿಲ್ಲ, ಆದರೆ ಭಂಗಿಯ ವಿವರವೂ ಸಿಗುವುದಿಲ್ಲ. ಮೇಲಾಗಿ ತೆರೆದ ಮಾಡಿನಲ್ಲಿ ಹಾರಾಡುವ ಹುಳುವಿನ ಬೆನ್ನಿಗೆ ಚೀಟಿ ಹೊರಿಸಲು ನನಗೆ ಮನಸ್ಸಾಗಲಿಲ್ಲ.

ಸ್ಥಾನವೂ ಸಿಕ್ಕಿತು, ಗುರುತೂ ಸಿಕ್ಕಿತು ಎಂದಿಟ್ಟುಕೊಳ್ಳೋಣ. ವರ್ತನೆ ಸಿಕ್ಕಿತೇ? 1983ರಲ್ಲಿ ಗದಗ್‌ಕರ್ ಮತ್ತು ಎನ್. ವಿ. ಜೋಶಿ ಪ್ರಕಟಿಸಿದ ಒಂದು ಪ್ರಬಂಧವನ್ನು ನಾನು ಪ್ರತಿ ವರ್ಷ ತರಗತಿಯಲ್ಲಿ ಓದಿಸುತ್ತೇನೆ. ಹುಳುಗಳು ತಮ್ಮ ಸಮಯವನ್ನು ಹೇಗೆ ಕಳೆಯುತ್ತವೆ ಎಂಬುದನ್ನು ಕೂತು ಮೈ ಸವರಿಕೊಳ್ಳುವುದು, ಕುಡಿಮೀಸೆ ನಿಮಿರಿಸಿ ಕೂರುವುದು, ರೆಕ್ಕೆ ಎತ್ತಿ ಕೂರುವುದು, ನಡೆಯುವುದು, ಕೋಣೆಗಳನ್ನು ಪರೀಕ್ಷಿಸುವುದು, ಗೂಡಿನಲ್ಲಿ ಇಲ್ಲದಿರುವುದು ಎಂದು ವಿಂಗಡಿಸಿ, ಆ ಲೆಕ್ಕದಿಂದಲೇ ಕೂರುವವರು, ಕಾದುವವರು, ಮೇವು ತರುವವರು ಎಂಬ ಮೂರು ಬಗೆಯ ಹುಳುಗಳನ್ನು ಅವರು ಬೇರ್ಪಡಿಸಿದರು. ಈ ಆರನ್ನು ಡೀಪ್‌ಲ್ಯಾಬ್‌ಕಟ್‌ನ ಮುಂದಿಟ್ಟರೆ ಏನಾಗುತ್ತದೆಂದು ನೋಡುವುದು ಸ್ವಾರಸ್ಯಕರ. ನಡೆಯುವುದು ಸುಲಭ: ಎದೆಯ ಚುಕ್ಕೆಯ ವೇಗ ಸಾಕು. ಕೋಣೆಯ ಪರೀಕ್ಷೆ ಆಗಲೇ ಹೇಳಿದಂತೆ ವಿಶ್ವಾಸದ ಇಳಿತದಿಂದ ಸಿಗುತ್ತದೆ. ರೆಕ್ಕೆ ಎತ್ತುವುದು, ಕುಡಿಮೀಸೆ ನಿಮಿರಿಸುವುದು ಕ್ಯಾಮೆರಾದ ಕಡೆಗೆ ನಡೆಯುವ ಚಲನೆಗಳು. ಒಂದೇ ಕ್ಯಾಮೆರಾದ ಚಪ್ಪಟೆ ಚಿತ್ರದಲ್ಲಿ ಅವು ಹೆಚ್ಚುಕಡಿಮೆ ಅದೃಶ್ಯ, ಎರಡನೆಯ ಕ್ಯಾಮೆರಾ ಬೇಕೇ ಬೇಕು. ಕೊನೆಯದಂತೂ ಅತ್ಯಂತ ಕಷ್ಟದ್ದು. ‘ಇಲ್ಲದಿರುವುದು’ ಎಂಬುದನ್ನು ಯಂತ್ರಕ್ಕೆ ಹೇಗೆ ಕಲಿಸುವುದು? ಚುಕ್ಕೆ ಕಾಣದಿದ್ದರೆ ಹುಳು ಮೇವಿಗೆ ಹೋಗಿರಬಹುದು, ಗೂಡಿನ ಹಿಂಬದಿಗೆ ಸರಿದಿರಬಹುದು, ಅಥವಾ ಇನ್ನೊಂದರ ಮರೆಯಲ್ಲಿ ಕುಳಿತಿರಬಹುದು. ಗೂಡಿನ ಮುಂದೆ ಕುಳಿತ ವಿದ್ಯಾರ್ಥಿ ಹಾರಿಹೋದದ್ದನ್ನು ಕಣ್ಣಾರೆ ಕಂಡು ಬರೆದುಕೊಳ್ಳುತ್ತಾಳೆ. ಕ್ಯಾಮೆರಾದ ಚೌಕಟ್ಟಿನೊಳಗೆ ಅದೊಂದು ಖಾಲಿ ಕೋಷ್ಟಕ ಮಾತ್ರ.

ಸಾಮಾಜಿಕ ಸಂಬಂಧಕ್ಕೆ ಅಂತರವನ್ನೇ ಅಳತೆಗೋಲು ಮಾಡಿಕೊಳ್ಳುವ ಚಾಳಿಯ ಬಗ್ಗೆಯೂ ಒಂದು ಮಾತು ಹೇಳಬೇಕು. ಎರಡು ಪ್ರಾಣಿಗಳ ನಡುವಿನ ದೂರ ಇಷ್ಟಕ್ಕಿಂತ ಕಡಿಮೆಯಾದರೆ ಅದನ್ನು ‘ಒಡನಾಟ’ ಎಂದು ಎಣಿಸುವುದು ಬಯಲಿನ ಜಿಂಕೆಗಳಿಗೆ ಸರಿಹೋಗಬಹುದು. ಅಂಗೈಯಗಲದ ಗೂಡಿನಲ್ಲಿ ಎಲ್ಲರೂ ಎಲ್ಲರಿಗೂ ಹತ್ತಿರವೇ. ಬಸ್ಸಿನಲ್ಲಿ ಮೈಗೆ ಮೈ ತಾಗಿ ನಿಂತವರೆಲ್ಲ ನೆಂಟರೆಂದು ಲೆಕ್ಕ ಹಾಕಿದಂತಾಗುತ್ತದೆ. ಯಾರ ತಲೆ ಯಾರ ಕಡೆಗೆ ತಿರುಗಿದೆ, ಯಾರು ಮುನ್ನುಗ್ಗಿದರು, ಯಾರು ಹಿಂದೆ ಸರಿದರು ಎಂಬುದು ಮುಖ್ಯ. ತಲೆ ಮತ್ತು ಹೊಟ್ಟೆಯ ಚುಕ್ಕೆಗಳಿಂದ ದಿಕ್ಕನ್ನು ಪಡೆಯಬಹುದಾದ್ದರಿಂದ ಭಂಗಿಯ ತಂತ್ರಾಂಶಕ್ಕೆ ಇಲ್ಲಿ ನಿಜವಾದ ಬೆಲೆಯಿದೆ. ಹಾಗೆ ಪಡೆದ ದಿಕ್ಕು, ವೇಗ, ಅಂತರಗಳಿಗೆ ‘ಕುಕ್ಕಿದಳು’ ಎಂಬ ಹೆಸರು ಕೊಡಲು ಸಿಂಬಾ, ಜಾಬಾ ಮುಂತಾದ ಬೇರೆ ತಂತ್ರಾಂಶಗಳಿವೆ. ಅವಕ್ಕೂ ಮನುಷ್ಯರು ಮೊದಲು ಉದಾಹರಣೆಗಳನ್ನು ಕೊಡಬೇಕು, ಮತ್ತು ಉದಾಹರಣೆ ಕೊಡುವವರಿಗೆ ಕುಕ್ಕುವುದಕ್ಕೂ ಬರಿದೇ ಮೂಸುವುದಕ್ಕೂ ಇರುವ ವ್ಯತ್ಯಾಸ ಗೊತ್ತಿರಬೇಕು.

ಪರ್ಯಾಯಗಳ ಬಗ್ಗೆ ಸಂಕ್ಷಿಪ್ತವಾಗಿ ಹೇಳುತ್ತೇನೆ. ಸ್ಲೀಪ್‌ನ ತೆರೆ ಹೆಚ್ಚು ಸುಲಲಿತವಾಗಿದೆ. ಸ್ವಲ್ಪ ಕಲಿಸಿ, ಅದರ ಊಹೆಯನ್ನೇ ತಿದ್ದಿ, ಮತ್ತೆ ಕಲಿಸುವ ಸುತ್ತು ಅಲ್ಲಿ ಸಲೀಸು, ಮತ್ತು ಅದಲುಬದಲಾದ ಗುರುತುಗಳನ್ನು ಕೀಲಿಮಣೆಯಿಂದಲೇ ತಿರುಗಿ ಬದಲಿಸಬಹುದು. ಹೊಸದಾಗಿ ಆರಂಭಿಸುವ ಗುಂಪಿಗೆ ನಾನು ಇದನ್ನೇ ಮೊದಲು ಸೂಚಿಸಿಯೇನು. ಐಡಿಟ್ರ್ಯಾಕರ್.ಎಐ ಭಂಗಿಯನ್ನು ಬಿಟ್ಟು ಗುರುತನ್ನೇ ಗುರಿಯಾಗಿಸಿಕೊಂಡದ್ದು. ಲಿಸ್ಬನ್ನಿನ ಗೊಂಝಾಲೊ ದೆ ಪೊಲವಿಯೆಖಾ ಅವರ ತಂಡ 2019ರಲ್ಲಿ 100 ಜೀಬ್ರಾಮೀನುಗಳನ್ನು ಅದರಿಂದ ಬೇರೆ ಬೇರೆಯಾಗಿ ಹಿಂಬಾಲಿಸಿತು. ಆದರೆ ಅದಕ್ಕೆ ಸಮನಾದ ಬೆಳಕು, ಸರಳ ಹಿನ್ನೆಲೆ ಬೇಕು. ಗೂಡಿನ ಕೋಣೆಗಳ ಜಾಲರಿಯಂತಹ ಹಿನ್ನೆಲೆ ಅದರ ಪ್ರಾಂತವಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ವಿಶ್ವೇಶ ಗುತ್ತಲ್ ಅವರ ತಂಡದಿಂದ ಬಂದ, 2023ರಲ್ಲಿ ಪ್ರಕಟವಾದ ಮಾತ್ ಎಂಬ ತಂತ್ರಾಂಶವನ್ನು ಕಣಜದ ಗೂಡು ಮತ್ತು ಡ್ರೋನಿನಿಂದ ತೆಗೆದ ಕೃಷ್ಣಮೃಗದ ಹಿಂಡು ಎರಡರ ಮೇಲೂ ಪರೀಕ್ಷಿಸಲಾಗಿದೆ. ಮೊದಲು ಬಣ್ಣದ ವ್ಯತ್ಯಾಸದಿಂದ ಸಂದೇಹದ ಜಾಗಗಳನ್ನು ಆರಿಸಿ, ಆಮೇಲೆ ಅದು ಪ್ರಾಣಿಯೋ ಅಲ್ಲವೋ ಎಂದು ನಿರ್ಧರಿಸುವ ಅದರ ಕ್ರಮ ಕಡಿಮೆ ಶಕ್ತಿಯ ಕಂಪ್ಯೂಟರಿಗೂ ಹೊಂದುತ್ತದೆ. ಎಲ್ಲಿದೆ ಎಂದು ಹೇಳುತ್ತದೆ, ಯಾವ ಭಂಗಿಯಲ್ಲಿದೆ ಎಂದು ಹೇಳುವುದಿಲ್ಲ. ರಾಣೆಬೆನ್ನೂರಿನ ಕೃಷ್ಣಮೃಗಗಳನ್ನು ಹೀಗೆ ಚಿತ್ರಿಸೋಣವೆಂದು ಉತ್ಸಾಹಗೊಂಡ ವಿದ್ಯಾರ್ಥಿಗಳಿಗೆ, ಅಭಯಾರಣ್ಯದ ಮೇಲೆ ಡ್ರೋನ್ ಹಾರಿಸಲು ಅರಣ್ಯ ಇಲಾಖೆಯ ಅನುಮತಿ ಬೇಕೆಂಬುದನ್ನು ಮೊದಲೇ ಹೇಳಿಬಿಟ್ಟೆ. ಡೀಪ್‌ಲ್ಯಾಬ್‌ಕಟ್ ತಂಡದವರದೇ ಆದ, 2024ರಲ್ಲಿ ಪ್ರಕಟವಾದ ಸೂಪರ್‌ಅನಿಮಲ್ ಮಾದರಿಗಳು ನಾಲ್ಕು ಕಾಲಿನ ಪ್ರಾಣಿಗಳಿಗೆ ಒಂದೂ ಚುಕ್ಕೆ ಇಡದೆಯೇ ಕೆಲಸ ಆರಂಭಿಸುತ್ತವೆ. ಬೀದಿನಾಯಿಗಳನ್ನು ನೋಡಹೊರಟವರಿಗೆ ಅದು ವರ. ಆರು ಕಾಲಿನವರ ಪಾಲಿಗೆ ಅಲ್ಲ.

ಈಗ ನಾವು ಅನುಸರಿಸುತ್ತಿರುವ ಕ್ರಮ ಹೀಗಿದೆ. ಬೊಟ್ಟಿಟ್ಟ ಗೂಡನ್ನು ಬೆಳಿಗ್ಗೆ ಒಂದು ಗಂಟೆ ಚಿತ್ರಿಸುತ್ತೇವೆ. ಆ ಹೊತ್ತಿನಲ್ಲಿ ಒಬ್ಬ ವಿದ್ಯಾರ್ಥಿ ಗೂಡಿನ ಮುಂದೆ ಕುಳಿತು ಹಾರಿಹೋದವರು, ಬಂದವರನ್ನು ಮಾತ್ರ ಬರೆದುಕೊಳ್ಳುತ್ತಾರೆ. ಡೀಪ್‌ಲ್ಯಾಬ್‌ಕಟ್‌ನ ಚುಕ್ಕೆಗಳಿಂದ, ಎರಡು ಮೈಗಳು ತಾಗಿದ ಎಲ್ಲ ಗಳಿಗೆಗಳನ್ನು ಆರಿಸಿ, ಹಿಂದೆ ಮುಂದೆ ಎರಡೆರಡು ಸೆಕೆಂಡು ಸೇರಿಸಿ ತುಣುಕುಗಳಾಗಿ ಕತ್ತರಿಸುತ್ತೇವೆ. ಆ ತುಣುಕುಗಳನ್ನು ಇಬ್ಬರು ವಿದ್ಯಾರ್ಥಿಗಳು ಬೇರೆ ಬೇರೆಯಾಗಿ ನೋಡಿ, ಯಾರು ಯಾರಿಗೆ ಏನು ಮಾಡಿದರೆಂದು ಬೊಟ್ಟು ನೋಡಿಯೇ ತೀರ್ಮಾನಿಸುತ್ತಾರೆ. ಅವರಿಬ್ಬರ ತೀರ್ಮಾನಗಳು ಹೊಂದದ ತುಣುಕು ನನ್ನ ಮೇಜಿಗೆ ಬರುತ್ತದೆ. ಯಂತ್ರವು ಇಲ್ಲಿ ತೀರ್ಪು ಕೊಡುವುದಿಲ್ಲ. ನೋಡಬೇಕಾದದ್ದನ್ನು ಹುಡುಕಿ ಕೊಡುತ್ತದೆ, ಮತ್ತು ಆ ಕೆಲಸದಲ್ಲಿ ಅದಕ್ಕೆ ದಣಿವಿಲ್ಲ, ಊಟದ ಹೊತ್ತಿಲ್ಲ. ಇಷ್ಟು ಕೆಲಸಕ್ಕೆ, ಇಷ್ಟು ಕೆಲಸಕ್ಕೆ ಮಾತ್ರ, ನನ್ನ ವಿಭಾಗದಲ್ಲಿ ಅದಕ್ಕೆ ಕಾಯಂ ಜಾಗ ಸಿಕ್ಕಿದೆ.

ಬೊಟ್ಟಿಡಲು ಹೊರಡುವವರಿಗೆ ಬಣ್ಣದ ಬಗ್ಗೆ ಒಂದು ಸಲಹೆಯಿದೆ. ಕಣ್ಣಿಗೆ ಬೇರೆಯಾಗಿ ಕಾಣುವ ಬಣ್ಣಗಳು ಕ್ಯಾಮೆರಾದಲ್ಲಿ ಬೇರೆಯಾಗಿಯೇ ಇರುತ್ತವೆಂದು ನಂಬಬೇಡಿ. ಬೆಳಕು ಜೋರಾದಾಗ ಬಿಳಿಯೂ ತಿಳಿಹಳದಿಯೂ ಒಂದೇ ಆಗುತ್ತವೆ, ನೆರಳಿನಲ್ಲಿ ಕಡುನೀಲಿಯು ಹುಳುವಿನ ಮೈಬಣ್ಣದಲ್ಲೇ ಕರಗಿಹೋಗುತ್ತದೆ. ಹಳೆಯ ಗೂಡಿನ ಒಂದು ತುಂಡಿನ ಮೇಲೆ ಎಲ್ಲ ಬಣ್ಣಗಳನ್ನೂ ಹಚ್ಚಿ, ಅದೇ ವರಾಂಡದಲ್ಲಿ, ಅದೇ ಹೊತ್ತಿನಲ್ಲಿ ಚಿತ್ರ ತೆಗೆದು ನೋಡಿದ ಮೇಲೆಯೇ ಶೀಷೆಗಳನ್ನು ಆರಿಸಿಕೊಳ್ಳಿ.